ಒಳಮೂಲೆಯ ಸುಟ್ಟ ಕಲೆ



ನಿಮ್ಮ ಊರು ಸಾದಲಿಯಾಗಿರಲಿ, ಶಿಡ್ಲಘಟ್ಟವಾಗಿರಲಿ, ಬಾಗಿಲು ಮಾಡುವ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಕೈಯುಳಿಗೆ ಬಹಳ ಹೊತ್ತು ಹಿಡಿಯುವ ಅಂಚಿನ ಅಲಂಕಾರವನ್ನು ರೂಟರ್ ಯಂತ್ರ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಆದರೆ ಕೆಲವೊಮ್ಮೆ ಒಳಮೂಲೆಯಲ್ಲಿ ಒಂದು ಕಪ್ಪು ಕಲೆ ಉಳಿಯುತ್ತದೆ. ಮರ ಸುಟ್ಟಿದೆ! ಬೆಂಕಿಯಿಲ್ಲದೆ ಸುಟ್ಟದ್ದು ಹೇಗೆ?

ಲೆಕ್ಕ ಹಾಕೋಣ. 25 ಮಿ.ಮೀ. ವ್ಯಾಸದ ಬಿಟ್ ನಿಮಿಷಕ್ಕೆ 20,000 ಸುತ್ತು ತಿರುಗಿದರೆ, ಅದರ ಅಲಗು ಸೆಕೆಂಡಿಗೆ ಸುಮಾರು 26 ಮೀಟರ್ ವೇಗದಲ್ಲಿ ಮರವನ್ನು ತಾಗುತ್ತದೆ. ಯಂತ್ರ ಮುಂದೆ ಸಾಗುತ್ತಿದ್ದರೆ ಅಲಗು ಮರವನ್ನು ಹೆರೆಯುತ್ತದೆ. ಶಾಖವೂ ಹೆರೆತದೊಂದಿಗೆ ಹೊರಗೆ ಹಾರುತ್ತದೆ. ಯಂತ್ರ ನಿಂತರೆ ಹೆರೆತವಿಲ್ಲ, ಬರೀ ಉಜ್ಜಾಟ. ಮೂಲೆಯಲ್ಲಿ ದಿಕ್ಕು ಬದಲಿಸುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಕೈಬೆರಳು ತಲುಪದ ಜಾಗವೇ ಹೆಚ್ಚು ಸುಡುವುದು ಈ ಕಾರಣಕ್ಕೆ. ಅಲಗು ಮೊಂಡಾಗಿದ್ದರೆ, ಅದಕ್ಕೆ ಮರದ ಅಂಟು ಮೆತ್ತಿದ್ದರೆ ಇನ್ನೂ ಬೇಗ.

ಘರ್ಷಣೆಯ ಶಾಖ ಯಾವಾಗಲೂ ಶತ್ರುವಲ್ಲ ಎನ್ನಿ. ಚನ್ನಪಟ್ಟಣದ ಗೊಂಬೆ ಕೆಲಸಗಾರರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಅದೇ ಶಾಖದಿಂದ ಬಣ್ಣ ಕರಗಿಸಿ ಹಚ್ಚುತ್ತಾರೆ.

ಕಲೆಯನ್ನು ರಾಸಾಯನಿಕದಿಂದ ತೊಳೆಯಬಹುದೇ? ಕಬ್ಬಿಣ ತಾಗಿ ಮರ ಕಪ್ಪಾಗಿದ್ದರೆ ಆಕ್ಸಾಲಿಕ್ ಆಮ್ಲ ಕೆಲಸ ಮಾಡುತ್ತದೆ. ಇಲ್ಲಿ ಹಾಗಲ್ಲ. ಮರವೇ ಇದ್ದಿಲಾಗತೊಡಗಿದೆ, ಆ ಪದರವನ್ನು ತೆಗೆಯಲೇಬೇಕು. ಉಜ್ಜುಕಾಗದವನ್ನು ಬೆರಳಿಗೆ ಸುತ್ತಿ ತಿಕ್ಕುವುದು ಎಲ್ಲರೂ ಮಾಡುವ ತಪ್ಪು. ಬೆರಳು ಮೆತ್ತಗಿರುವುದರಿಂದ ಚೂಪಾದ ಏಣುಗಳು ಸವೆದು ದುಂಡಗಾಗುತ್ತವೆ, ಕಲೆ ಮಾತ್ರ ಕುಳಿಯಲ್ಲೇ ಉಳಿಯುತ್ತದೆ. ದಿನವಿಡೀ ದುಡಿದ ಹಲಗೆ ಕೊನೆಯ ಹತ್ತು ನಿಮಿಷದಲ್ಲಿ ಕೆಡುವುದು ಹೀಗೆ.

ಹಳೆಯ ಗರಗಸದ ಬ್ಲೇಡಿನ ಒಂದು ತುಂಡು ತೆಗೆದುಕೊಳ್ಳಿ. ಅದರ ತುದಿಯನ್ನು ಸಾಣೆಕಲ್ಲಿನಲ್ಲಿ ಅಂಚಿನ ಆಕಾರಕ್ಕೆ ಸರಿಯಾಗಿ ಉಜ್ಜಿ, ಮರದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಕೆರೆಯಿರಿ. ಹಿಟ್ಟಿನಂಥ ಪುಡಿಯಲ್ಲ, ತೆಳು ಸುರುಳಿ ಬಂದರೆ ಅಂಚು ಹರಿತವಾಗಿದೆ ಎಂದರ್ಥ. ದುಂಡು ಕುಳಿಗಾದರೆ ಪೆನ್ಸಿಲಿಗೆ ಉಜ್ಜುಕಾಗದ ಅಂಟಿಸಿ ಬಳಸಬಹುದು. ಮೊದಲು 150, ಆಮೇಲೆ 220ನೆಯ ಸಂಖ್ಯೆಯ ಕಾಗದ. ತೀರ ಮೂಲೆಗೆ ಹರಿತವಾದ ಸಣ್ಣ ಉಳಿಯೇ ಬೇಕು. ಮೂಗಿಗೆ ಮುಖವಾಡ ಮರೆಯಬೇಡಿ. ಮರದ ಧೂಳು ಕ್ಯಾನ್ಸರ್ ತರಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ.

ಮುಗಿಯಿತೆನಿಸಿದಾಗ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಕಣ್ಣಿಗೆ ಕಾಣದೆ ಉಳಿದ ಕಲೆ ಆಗ ಎದ್ದು ತೋರುತ್ತದೆ. ಪಾಲಿಶ್ ಹಚ್ಚಿದ ಮೇಲೆ ತೋರಿದರೆ ಎಲ್ಲವನ್ನೂ ಮತ್ತೆ ಕೆರೆಯಬೇಕು.

ಇಷ್ಟೆಲ್ಲ ಪಾಡು ಬೇಡವೆಂದರೆ ಮೊದಲ ಸಲ ಅರ್ಧ ಮಿಲಿಮೀಟರ್ ಮರ ಉಳಿಸಿ ಕೊರೆಯಿರಿ. ಅನಂತರ ಹರಿತವಾದ ಬಿಟ್ಟಿನಿಂದ, ಎಲ್ಲೂ ನಿಲ್ಲದೆ, ಆ ಉಳಿದ ಪದರವನ್ನು ತೆಗೆಯಿರಿ. ಮೊದಲ ಸುತ್ತಿನ ಕಲೆಯೂ ಅದರೊಂದಿಗೇ ಹೋಗುತ್ತದೆ.