ಹಿಕರಿ: ಮೊಮ್ಮಕ್ಕಳ ಮರ

ಅಕ್ರೋಟು ನಮ್ಮ ವಾಚಕರಿಗೆ ಅಪರಿಚಿತವಾದುದಲ್ಲ. ಅದರ ಬಳಗಕ್ಕೇ ಸೇರಿದ ಹಿಕರಿ ಎಂಬ ಮರವೊಂದುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದ ಕಾಡುಗಳು ಇದರ ಮುಖ್ಯವಾದ ನೆಲೆ. ಈಗ ನಮ್ಮ ದೊಡ್ಡ ಪೇಟೆಗಳಿಗೂ ಬರುತ್ತಿರುವ ಪೆಕಾನ್ ಬೀಜವು ಹಿಕರಿಯ ಒಂದು ಜಾತಿಯ ಫಲವೇ.

ಹಿಕರಿಗಳಲ್ಲಿ ಹಲವು ಬಗೆ. ಕಂಡೊಡನೆ ಗುರುತು ಸಿಕ್ಕುವುದು ಷ್ಯಾಗ್‌ಬಾರ್ಕ್ ಎಂಬುದು. ಅದರ ತೊಗಟೆಯು ಉದ್ದುದ್ದನೆಯ ಪಟ್ಟಿಗಳಾಗಿ ಬಿರಿದು, ತುದಿಗಳಲ್ಲಿ ಸುರುಳಿಗೊಂಡು ಜೋತಾಡುವುದು. ಮರಕ್ಕೆ ರೋಗ ತಗುಲಿತೋ ಎಂದು ಹೊಸಬರು ಶಂಕಿಸಬಹುದು. ಆದರೆ ಅದು ಅದರ ಸಹಜವಾದ ಉಡುಪು. ಎಲೆಯ ದೇಟಿಗೆ ಸಾಮಾನ್ಯವಾಗಿ ಐದು ಕಿರುಎಲೆಗಳು. ಶರತ್ಕಾಲ ಬಂದಿತೆಂದರೆ ಮರವೆಲ್ಲ ಹೊಂಬಣ್ಣ.

ಹಿಕರಿ ಎಂಬ ಹೆಸರು ಅಲ್ಲಿಯ ಮೂಲನಿವಾಸಿಗಳದು; ಅದು ಬಂದುದು ಮರದಿಂದಲ್ಲ, ಅಡಿಗೆಯಿಂದ. ಬೀಜಗಳನ್ನು ಚಿಪ್ಪಿನೊಡನೆ ಕುಟ್ಟಿ, ನೀರಿನಲ್ಲಿ ಕದಡಿ, ಸೋಸಿ ತೆಗೆದ ಹಾಲಿಗೆ ವರ್ಜೀನಿಯದ ಜನರು ಇಟ್ಟಿದ್ದ ಹೆಸರೇ ಮರದ ಹೆಸರಾಯಿತು. ತೆಂಗಿನ ಹಾಲನ್ನು ಹಿಂಡಿ ಬಲ್ಲ ನಮ್ಮ ಗೃಹಿಣಿಯರಿಗೆ ಈ ಕ್ರಮವು ಹೊಸದೆನಿಸದು. ಒಂದೊಂದು ಕುಟುಂಬವೂ ರಾಶಿ ರಾಶಿಯಾಗಿ ಈ ಬೀಜವನ್ನು ಕೂಡಿಡುತ್ತಿದ್ದುದನ್ನು ವಿಲಿಯಂ ಬಾರ್ಟ್ರಂ ಎಂಬ ಸಸ್ಯಶಾಸ್ತ್ರಜ್ಞನು 1791ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ.

ಇದರ ಮರಮುಟ್ಟು ಗಡುಸು. ಮಿಗಿಲಾಗಿ, ಪೆಟ್ಟನ್ನು ತಾಳಿಕೊಳ್ಳುವಂಥದು. 1829ರಿಂದ 1837ರವರೆಗೆ ಆ ದೇಶದ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್ನನಿಗೆ, ಅವನ ಗಟ್ಟಿತನಕ್ಕಾಗಿ, ‘ಮುದಿ ಹಿಕರಿ’ ಎಂಬ ಅಡ್ಡಹೆಸರೇ ಬಿದ್ದಿತ್ತು. ಸುತ್ತಿಗೆಗೂ ಕೊಡಲಿಗೂ ಹಿಕರಿಯ ಕಾವೇ ಅಲ್ಲಿ ಮೇಲೆನಿಸಿದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇರೆ ಬೇಕೆ?

ಕಡಿದವನು ಇನ್ನೊಂದನ್ನು ನೆಟ್ಟರಾಯಿತಲ್ಲವೆ ಎಂದರೆ, ಅದು ಅಷ್ಟು ಸುಲಭವಲ್ಲ. ಎಳೆಯ ಹಿಕರಿಯು ಮೇಲಕ್ಕೆ ಬೆಳೆಯುವುದಕ್ಕೆ ಮುಂಚೆ ತಾಯಿಬೇರನ್ನು ಆಳಕ್ಕೆ ಇಳಿಸುವುದು. ಕಿತ್ತು ಬೇರೆಡೆ ನಟ್ಟರೆ ಆ ಬೇರು ತುಂಡಾಗಿ ಸಸಿಯು ಸೊರಗುವುದು. ಆದುದರಿಂದ ಸಸಿ ಮಾರುವವರಲ್ಲಿ ಇದು ಅಪರೂಪ. ಷ್ಯಾಗ್‌ಬಾರ್ಕ್ ಚೆನ್ನಾಗಿ ಫಲ ಕೊಡಲು ಸುಮಾರು 40 ವರುಷ ಹಿಡಿಯುವುದು. ಬಳಿಕ ಅದು 200 ವರುಷಕ್ಕೂ ಮಿಕ್ಕು ಬಾಳಬಲ್ಲುದು. ನೆಟ್ಟವನಿಗಿಂತ ಅವನ ಮೊಮ್ಮಕ್ಕಳೇ ಅದರ ಸುಖವನ್ನು ಹೆಚ್ಚಾಗಿ ಉಣ್ಣುವರು.

ಆ ನಾಡಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಈಗ ಅನೇಕರಿದ್ದಾರೆ. ಅವರ ಹಿತ್ತಿಲಲ್ಲಿ ತೊಗಟೆ ಹರಿದ ಮುದಿಮರವೊಂದು ನಿಂತಿದ್ದರೆ, ಅಂಗಳವು ಓರಣವಾಗಿ ಕಾಣಲೆಂದು ಅದನ್ನು ಉರುಳಿಸದಿರಲಿ ಎಂಬುದೇ ನಮ್ಮ ಬಿನ್ನಹ. ಹಣ ಕೊಟ್ಟರೆ ನೆರಳು ದೊರೆತೀತು; ಕಳೆದ 40 ವರುಷ ದೊರೆಯದು.