ಕಾದ ಕಬ್ಬಿಣಕ್ಕೆ ಕಡಾಣಿ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ ಬೋಲ್ಟು ಸಡಿಲಾಗುವುದೆಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ದಾರಿ ಹಿಡಿಯುವ ಟ್ರ್ಯಾಕ್ಟರುಗಳ ಸೀಮೆ ಇದು. ಪಾನಾ ಹಿಡಿದು ಗಾಡಿಗೊಂದು ಸುತ್ತು ಬಂದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಟರ್ಬೊ ಮಾತ್ರ ಅಷ್ಟಕ್ಕೆ ಬಗ್ಗುವುದಿಲ್ಲ. ಅದರಲ್ಲೂ ಕಂಪನಿಯಿಂದ ಬಂದದ್ದಲ್ಲದೆ, ಆಮೇಲೆ ಗ್ಯಾರೇಜಿನಲ್ಲಿ ಕಾರಿಗೆ ಕೂಡಿಸಿದ ಟರ್ಬೊ. ಇಂದು ಮೈಬಲವೆಲ್ಲ ಹಾಕಿ ಬಿಗಿದ ನಟ್ಟು ಕೆಲವೇ ದಿನಗಳಲ್ಲಿ ಬೆರಳಿಗೇ ತಿರುಗುತ್ತದೆ. ಅದನ್ನು ನಿಲ್ಲಿಸಬಲ್ಲ ಮೇಸ್ತ್ರಿಯ ಕೈಯಲ್ಲಿರುವುದು ನಿಜವಾದ ಕಸುಬು.

ಎಂಜಿನ್ ಉಗುಳುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು ಟರ್ಬೊದ ಕೆಲಸ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇಂದಿನ ಕಾರುಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ; ಪೆಟ್ರೋಲ್ ಎಂಜಿನ್ನಿನ ಹೊಗೆ ಪೂರ್ತಿ ಭಾರದಲ್ಲಿ 900 ಡಿಗ್ರಿ ದಾಟಬಲ್ಲದು. ಅಂಥ ಬೆಂಕಿಯ ಪಕ್ಕದಲ್ಲಿ ಹಿಡಿದು ನಿಲ್ಲಬೇಕಾದದ್ದು ಮೂರೋ ನಾಲ್ಕೋ ಬೋಲ್ಟು.

ಸಡಿಲಾಯಿತೆಂದರೆ ಪಾನಾಕ್ಕೆ ಪೈಪು ಸಿಕ್ಕಿಸಿ ಇನ್ನಷ್ಟು ಬಿಗಿಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಎಷ್ಟೋ ಬೋಲ್ಟುಗಳು ಮುರಿಯುವುದೂ ಹಾಗೆಯೇ. ಬೋಲ್ಟು ಒಂದು ಗಟ್ಟಿ ಸ್ಪ್ರಿಂಗ್. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗಿ, ಮತ್ತೆ ಕುಗ್ಗಲು ಎಳೆಯುತ್ತಿರುತ್ತದೆ. ಆ ಎಳೆತವೇ ಹಿಡಿತ. ನಾವು ತಿರುಗಿಸಲು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಬೆವರಿಳಿಸಿ ಬಿಗಿದರೂ ಬೋಲ್ಟು ಹಿಗ್ಗಿರುವುದೇ ಇಲ್ಲ.

ಚಕ್ಕಡಿಯ ಗಾಲಿಗೆ ಹಳಿ ಹಾಕುವುದನ್ನು ನೋಡಿದವರಿಗೆ ಮುಂದಿನ ಮಾತು ಸಲೀಸು. ಕಮ್ಮಾರ ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾನೆ. ಕುಳ್ಳಿನ ಬೆಂಕಿಯಲ್ಲಿ ಕಾದು ಅದು ಅರಳಿದಾಗ ಗಾಲಿಗೆ ಕೂರಿಸಿ ನೀರು ಸುರಿಯುತ್ತಾನೆ. ಕುಗ್ಗಿದ ಕಬ್ಬಿಣ ಕಟ್ಟಿಗೆಯನ್ನು ಕಚ್ಚಿಕೊಳ್ಳುತ್ತದೆ. ಟರ್ಬೊದಲ್ಲಿ ಇದೇ ಶಾಸ್ತ್ರ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ತುಕ್ಕು ಹಿಡಿಯದೆಂದು ಹಾಕುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ಟರ್ಬೊದ ಬೀಡು ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. 30 ಮಿಲಿಮೀಟರ್ ದಪ್ಪವನ್ನು ಹಿಡಿದ ಬೋಲ್ಟು ಬಿಗಿದಾಗ ಹಿಗ್ಗುವುದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಕಡಿಮೆ. ಅದೂ ಬೀಡೂ 500 ಡಿಗ್ರಿ ಕಾದರೆ, ಬಿಸಿಗೆ ಅದು ಬೀಡಿಗಿಂತ ಹೆಚ್ಚಾಗಿ ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಹಿಡಿತವೆಲ್ಲ ಅಲ್ಲಿಗೆ ಮಾಯ. ಯಾರೂ ನಟ್ಟು ತಿರುಗಿಸಿಲ್ಲ, ಆದರೂ ಜಾಯಿಂಟು ಸಡಿಲ.

ಆಮೇಲೆ ನಡುಕದ ಸರದಿ. ಬೋಲ್ಟನ್ನು ಬಿಚ್ಚುವುದು ಮುಖ್ಯವಾಗಿ ಅಡ್ಡ ಅಲುಗಾಟ ಎಂದು ಜರ್ಮನಿಯ ಗೆರ್‌ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟ. ಎರಡು ಮುಖಗಳು ಒಂದರ ಮೇಲೊಂದು ಜಾರತೊಡಗಿದರೆ ನಟ್ಟು ತಾನಾಗಿ ಹಿಂದೆ ಸರಿಯುತ್ತದೆ. ಆದ್ದರಿಂದ ಒಳ್ಳೆಯ ಮೇಸ್ತ್ರಿ ಮೊದಲು ಬೋಲ್ಟಿಗೆ ಕೈಹಾಕುವುದಿಲ್ಲ. ಟರ್ಬೊ ಕೂರುವ ಫ್ಲ್ಯಾಂಜಿನ ಮೇಲೆ ನೇರ ಪಟ್ಟಿ ಇಟ್ಟು, ಸೊಟ್ಟಗಾಗಿದ್ದರೆ ಲೇತಿನವನ ಹತ್ತಿರ ಕಳಿಸುತ್ತಾನೆ. ಟರ್ಬೊದ ಭಾರ ಹೊರಲು ಎಂಜಿನ್ ಬ್ಲಾಕಿನಿಂದ ಬ್ರ್ಯಾಕೆಟ್ ಕೊಡುತ್ತಾನೆ. ಸೈಲೆನ್ಸರ್ ಪೈಪಿನಲ್ಲಿ ಬಳುಕುವ ತುಂಡು ಸೇರಿಸುತ್ತಾನೆ, ಎಂಜಿನ್ ಅಲುಗಿದಾಗ ಪೈಪು ಟರ್ಬೊವನ್ನು ಜಗ್ಗಬಾರದು. ನನ್ನ ಮಟ್ಟಿಗೆ ಕಸುಬಿನ ಮುಕ್ಕಾಲು ಪಾಲು ಇಲ್ಲೇ ಇದೆ.

ಇನ್ನು ಬೋಲ್ಟು. ಬಿಸಿಗೆ ಸೋಲದ ಇನ್‌ಕೊನೆಲ್‌ನಂಥ ನಿಕಲ್ ಮಿಶ್ರಲೋಹದ ಸ್ಟಡ್ಡು ದುಬಾರಿ, ಆದರೆ ಬಾಳುತ್ತದೆ. ನಟ್ಟಿನೊಳಗಿನ ನೈಲಾನ್ ಬಳೆ ಇಲ್ಲಿ ಕರಗಿಹೋಗುತ್ತದೆ. ಥ್ರೆಡ್ಡಿಗೆ ಹಚ್ಚುವ ಸಾಮಾನ್ಯ ಲಾಕಿಂಗ್ ಅಂಟು 150 ಡಿಗ್ರಿಯ ಆಸುಪಾಸಿನಲ್ಲೇ ಕೈಬಿಡುತ್ತದೆ. ಪೂರ್ತಿ ಲೋಹದ ಲಾಕ್ ನಟ್ಟು, ಇಳಿಜಾರು ಹಲ್ಲಿನ ಜೋಡಿ ವಾಷರ್, ನಟ್ಟಿನ ಮಗ್ಗುಲಿಗೆ ಕಿವಿ ಮಡಚುವ ತಗಡಿನ ವಾಷರ್, ಲಾಕ್ ತಂತಿ ಇವು ನಂಬಿಕಸ್ಥ. ಚಕ್ಕಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವ ಕಡಾಣಿಯ ತಮ್ಮಂದಿರು. ವಿಮಾನದ ಎಂಜಿನ್ನುಗಳಲ್ಲೂ ಬೋಲ್ಟುಗಳಿಗೆ ಹೀಗೆ ತಂತಿ ಹೆಣೆಯುತ್ತಾರೆ.

ಇಷ್ಟೆಲ್ಲ ಯಾಕೆಂದರೆ, ಸಡಿಲಾದ ಟರ್ಬೊ ಬರೀ ಶಕ್ತಿ ಕಳೆದುಕೊಳ್ಳುವುದಿಲ್ಲ. ಅಲುಗಿ ಅಲುಗಿ ಎಣ್ಣೆಯ ಪೈಪು ಬಿರಿದರೆ ಕೆಂಪಗೆ ಕಾದ ಬೀಡಿನ ಮೇಲೆ ಎಣ್ಣೆ ಚಿಮ್ಮಿ ಕಾರು ಹೊತ್ತಿಕೊಳ್ಳಬಹುದು. ಕಾನೂನನ್ನೂ ಮರೆಯಬಾರದು: ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ರಸ್ತೆಗಿಳಿಸುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಜೋಡಣೆ ಮುಗಿದ ಮೇಲೆ ಎಂಜಿನ್ ಚೆನ್ನಾಗಿ ಕಾಯಬೇಕು, ಪೂರ್ತಿ ತಣ್ಣಗಾಗಬೇಕು. ಆಗ ಗ್ಯಾಸ್ಕೆಟ್ ಕುಳಿತಿರುತ್ತದೆ. ಟಾರ್ಕ್ ರೆಂಚ್ ಹಿಡಿದು ಇನ್ನೊಮ್ಮೆ ಬಿಗಿದು, ಆಮೇಲಷ್ಟೇ ವಾಷರಿನ ಕಿವಿ ಮಡಚುವುದು. ಬಣ್ಣದ ಗುರುತು ಆ ಬಿಸಿಗೆ ಸುಟ್ಟುಹೋಗುವುದರಿಂದ ನಟ್ಟಿನ ಅಂಚು ಮತ್ತು ಫ್ಲ್ಯಾಂಜು ಎರಡಕ್ಕೂ ತಾಗುವಂತೆ ಚಾಣದಿಂದ ಒಂದು ಸಣ್ಣ ಗೆರೆ ಹೊಡೆದಿಡಬಹುದು. ಮುಂದಿನ ಸಲ ಬಾನೆಟ್ ಎತ್ತಿದಾಗ ಮೊದಲು ನೋಡಬೇಕಾದವು ಎರಡು: ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಪ್ಪು ಮಸಿ ಕಂಡಿದೆಯೇ, ಚಾಣದ ಗೆರೆ ಇನ್ನೂ ಒಂದೇ ನೇರದಲ್ಲಿ ಇದೆಯೇ.