ನಿಮಗಿದು ಗೊತ್ತೇ? ತೊಗರಿಯ ಕಾಡು ನೆಂಟರು ಮತ್ತು ನೆಟೆ ರೋಗ

● ತೆಲಂಗಾಣದ ತಾಂಡೂರು ತೊಗರಿಗೆ 2022ರ ಡಿಸೆಂಬರಿನಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದಕ್ಕೆ ಅರ್ಜಿ ಹಾಕಿದ್ದು ಯಾಲಾಲ್‌ನ ರೈತ ಉತ್ಪಾದಕರ ಕಂಪನಿ. ಗಡಿಯಾಚೆಯ ಕಲಬುರಗಿ ತೊಗರಿಬೇಳೆಗೆ ಈ ಗುರುತು 2019ರಲ್ಲೇ ಬಂದಿತ್ತು. ರಾಜ್ಯ ಎರಡಾದರೂ ಕರಿಮಣ್ಣು ಒಂದೇ, ಕಾಗಿಣಾ ಹೊಳೆ ಒಂದೇ, ಬೆಳೆಯನ್ನು ಕಾಡುವ ಕಾಯಿಲೆಯೂ ಒಂದೇ.

● ಆ ಕಾಯಿಲೆಯೇ ನೆಟೆ ರೋಗ. ಪುಸ್ತಕದವರು ಸೊರಗು ರೋಗ ಎನ್ನುತ್ತಾರೆ. ನೆಲದಲ್ಲಿ ಹಸಿ ಇದ್ದರೂ ಹೂವು ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗುತ್ತದೆ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಮುಚ್ಚುತ್ತದೆ. ಕಾಂಡದ ಮೇಲೆ ಬುಡದಿಂದ ಏರಿದ ನೇರಳೆ ಪಟ್ಟೆ ಕಾಣುತ್ತದೆ. ಸೀಳಿದರೆ ಒಳಗೆ ಕಂದುಗೆರೆ. ಹೊಲದಲ್ಲಿ ಉಳಿದ ಬೇರು ಕೂಳೆಗಳಲ್ಲಿ ಈ ಶಿಲೀಂಧ್ರ ಸುಮಾರು ಮೂರು ವರ್ಷ ಬದುಕಿರಬಲ್ಲದು. ಗಿಡ ಬಾಡಿದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ.

● ನೆಟೆ ರೋಗದ ಈ ಶಿಲೀಂಧ್ರಕ್ಕೆ 1910ರಲ್ಲಿ ಹೆಸರಿಟ್ಟವರು ಬಿಹಾರದ ಪೂಸಾದಲ್ಲಿದ್ದ ಶಿಲೀಂಧ್ರತಜ್ಞ ಇ. ಜೆ. ಬಟ್ಲರ್.

● ತೊಗರಿಯ ತವರು ನಮ್ಮ ದೇಶವೇ. ಅದರ ಅತಿ ಹತ್ತಿರದ ನೆಂಟ ಕಜಾನಸ್ ಕಜಾನಿಫೋಲಿಯಸ್ ಬಸ್ತಾರ್ ಮತ್ತು ಒಡಿಶಾದ ಕಾಡುಗಳಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ. ಕಜಾನಸ್ ಸ್ಕಾರಬೆಯಾಯ್ಡಿಸ್ ಎಂಬ ಇನ್ನೊಂದು ನೆಂಟ ಹುಲ್ಲಿಗೆ ಸುತ್ತಿಕೊಂಡು ಬೆಳೆಯುವ ಸಣ್ಣ ಬಳ್ಳಿ. ಹಳದಿ ಹೂವು, ತುಪ್ಪಳು ತುಂಬಿದ ಗಿಡ್ಡ ಕಾಯಿ. ಕಾಯಿಕೊರಕ ಹುಳುವನ್ನು ತಡೆಯುವ ಶಕ್ತಿ ಇದಕ್ಕಿದೆ, ತೊಗರಿಯೊಂದಿಗೆ ಸಂಕರವೂ ಆಗುತ್ತದೆ. ಹೆಚ್ಚಿನವರ ಕಣ್ಣಿಗೆ ಮಾತ್ರ ಇದು ಬರೀ ಕಳೆ.

● ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ! ವಂಶಾವಳಿಯಲ್ಲಿ ಅದು ಕಡಲಿನ ಕಂದು ಪಾಚಿಗಳಿಗೆ ಹತ್ತಿರ. ತೊಗರಿಯ ಅಂಗಮಾರಿಗೂ ಇದೇ ಕುಲದ ಜೀವಿಯೇ ಕಾರಣ. ಅದನ್ನು ತಡೆಯುವ ಗುಣ ಸಿಕ್ಕಿದ್ದು ಕಜಾನಸ್ ಪ್ಲಾಟಿಕಾರ್ಪಸ್ ಎಂಬ ಕಾಡು ನೆಂಟನಲ್ಲಿ.

● ಕಾಡಿನಲ್ಲೂ ಗಿಡಗಳಿಗೆ ರೋಗ ಬರುತ್ತದೆ. ಆದರೆ ಇಡೀ ಹಿಂಡು ಒಟ್ಟಿಗೆ ನೆಲಕಚ್ಚುವುದು ಅಪರೂಪ, ಏಕೆಂದರೆ ಅಕ್ಕಪಕ್ಕದ ಎರಡು ಗಿಡಗಳ ಜೀನ್‌ಗಳೂ ಒಂದೇ ತೆರನಾಗಿರುವುದಿಲ್ಲ. ಒಂದನ್ನು ಬೀಳಿಸಿದ ಶಿಲೀಂಧ್ರ ಇನ್ನೊಂದರ ಮುಂದೆ ಸೋಲುತ್ತದೆ. ಗೆಲ್ಲಲು ತಾನೂ ಬದಲಾಗುತ್ತದೆ. ಅಮೆರಿಕದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟರು: ಗಿಡದ ಪ್ರತಿಯೊಂದು ನಿರೋಧಕ ಜೀನಿಗೆ ಎದುರಾಗಿ ಶಿಲೀಂಧ್ರದಲ್ಲೂ ಒಂದು ಜೀನ್ ಇರುತ್ತದೆ. ಅವರು ನೋಡಿದ್ದು ಯಾವ ಗಿಡ ಗೊತ್ತೇ? ನಾವು ರೊಟ್ಟಿಗೆ ಹಿಂಡಿ ಮಾಡಿಕೊಳ್ಳುವ ಅಗಸೆ, ಮತ್ತು ಅದರ ತುಕ್ಕು ರೋಗ. ಆಸ್ಟ್ರೇಲಿಯಾದಲ್ಲಿ ಜೆರೆಮಿ ಬರ್ಡನ್ ಮತ್ತು ಪೀಟರ್ ಥ್ರಾಲ್ ಕಾಡು ಅಗಸೆಯ ಬೆನ್ನು ಹತ್ತಿ, ಈ ಹಗ್ಗಜಗ್ಗಾಟ ಬಯಲಿನಲ್ಲೂ ನಡೆಯುವುದನ್ನು ತೋರಿಸಿದರು.

● ಫಿನ್‌ಲೆಂಡಿನ ಓಲಾಂಡ್ ದ್ವೀಪಗಳಲ್ಲಿ ಅನ್ನಾ-ಲೀಸಾ ಲೈನೆ ಅವರ ತಂಡ ಸುಮಾರು 4,000 ಹುಲ್ಲುಗಾವಲು ತುಣುಕುಗಳಲ್ಲಿ ಒಂದು ಕಾಡುಗಿಡದ ಬೂದಿ ರೋಗವನ್ನು ವರ್ಷವರ್ಷವೂ ಗಮನಿಸುತ್ತ ಬಂದಿದೆ. ಒಂದಕ್ಕೊಂದು ಹತ್ತಿರವಿರುವ ತುಣುಕುಗಳಲ್ಲಿ ರೋಗ ಹೆಚ್ಚಿರಬೇಕೆಂದು ಯಾರಾದರೂ ಊಹಿಸುತ್ತಾರೆ. 2014ರಲ್ಲಿ ಪ್ರಕಟವಾದ ಫಲಿತಾಂಶ ತದ್ವಿರುದ್ಧ: ಒಂಟಿ ತುಣುಕುಗಳಲ್ಲೇ ರೋಗ ಹೆಚ್ಚು, ನೆರೆಹೊರೆ ಇದ್ದಲ್ಲಿ ನಿರೋಧಕ ಶಕ್ತಿ ಹೆಚ್ಚು. ಪರಾಗ, ಬೀಜ ಓಡಾಡುವಲ್ಲಿ ನಿರೋಧಕ ಜೀನ್‌ಗಳೂ ಓಡಾಡುತ್ತವೆ. ಕಾಡನ್ನು ತುಂಡುತುಂಡು ಮಾಡಿದರೆ ಏನು ಕಳೆದುಕೊಳ್ಳುತ್ತೇವೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಅಧ್ಯಯನವನ್ನೇ.

● ಕಾಫಿಯ ತುಕ್ಕು ಶಿಲೀಂಧ್ರದಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು 1930ರ ದಶಕದಲ್ಲಿ ತೋರಿಸಿಕೊಟ್ಟಿದ್ದು ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಡಬ್ಲ್ಯು. ಡಬ್ಲ್ಯು. ಮೇನ್. ಅಲ್ಲೇ ರೂಪುಗೊಂಡ ಎಸ್. 795 ತಳಿಯ ತುಕ್ಕು ನಿರೋಧಕ ಜೀನ್ ಬಂದದ್ದು ಲಿಬೆರಿಕಾ ಎಂಬ ಬೇರೆಯೇ ಪ್ರಭೇದದಿಂದ.

● ಧಾರವಾಡದ ಶೇಂಗಾ ತಳಿ ಜಿಪಿಬಿಡಿ 4 ತುಕ್ಕು ಮತ್ತು ಎಲೆಚುಕ್ಕೆ ರೋಗ ತಡೆಯುತ್ತದೆ. ಆ ಗುಣದ ಮೂಲ, ಬೊಲಿವಿಯಾದ ಕಾಡು ಶೇಂಗಾ.

● ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲೆಯೇ ಪಟಾನ್‌ಚೆರು ಸಿಗುತ್ತದೆ. ಅಲ್ಲಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಬೀಜಭಂಡಾರದಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ತೊಗರಿಯ ಜೀನೋಮ್ ಓದಿದ್ದು 2011ರಲ್ಲಿ, ರಾಜೀವ್ ವಾರ್ಷ್ಣೇಯ ಅವರ ನೇತೃತ್ವದ ತಂಡ. ಎಣಿಕೆಗೆ ಸಿಕ್ಕ ಜೀನ್‌ಗಳು 48,680. 1986ರಲ್ಲಿ ಕರ್ನಾಟಕದ ರೈತರ ಕೈಗೆ ಬಂದ, ನೆಟೆ ರೋಗ ತಡೆಯುವ ‘ಮಾರುತಿ’ ಮಾತ್ರ ಜೀನೋಮಿನ ಕಾಲಕ್ಕಿಂತ ಎಷ್ಟೋ ಮೊದಲಿನದು. ಅದು ರೈತರ ಹಳೆಯ ನಾಟಿ ತೊಗರಿಯಿಂದಲೇ ಆರಿಸಿ ತೆಗೆದ ತಳಿ.

● ತೊಗರಿ ಹೂವಿಗೆ ಜೇನ್ನೊಣ ಬರುವುದರಿಂದ ಪಕ್ಕದ ಹೊಲದ ಪರಾಗವೂ ಬಂದು ಬೆರೆಯುತ್ತದೆ. ನಿರೋಧಕ ತಳಿಯ ಬೀಜವನ್ನು ಮನೆಯಲ್ಲೇ ಇಟ್ಟು ಬಿತ್ತುತ್ತ ಹೋದರೆ ಕೆಲವು ವರ್ಷಕ್ಕೆ ಗುಣ ಕಲಬೆರಕೆಯಾಗುವುದು ಇದರಿಂದಲೇ. ಬೀಜಕ್ಕೆಂದು ಹೊಲದ ನಡುವಿನ, ರೋಗವಿಲ್ಲದ ಗಿಡಗಳನ್ನೇ ಗುರುತು ಮಾಡಿಟ್ಟುಕೊಳ್ಳಿ.

● ಜೋಳದ ಜೊತೆ ಅಕ್ಕಡಿಯಾಗಿ ಬೆಳೆದ ತೊಗರಿಗೆ ನೆಟೆ ಕಡಿಮೆ ಎಂದು ಇಕ್ರಿಸ್ಯಾಟ್ ಪ್ರಯೋಗಗಳು ಹೇಳಿವೆ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳೆಯರು ಒಂದೇ ಹೊಲದಲ್ಲಿ ಹತ್ತಾರು ಬೆಳೆ ಬೆರೆಸಿ ಬಿತ್ತುತ್ತ, ತಮ್ಮದೇ ಬೀಜ ಕಾಯುತ್ತ ಬಂದಿದ್ದಾರೆ. ಅವರಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಂದಿತು.

● ಬದುವಿನ ಹುಲ್ಲಿಗೆ ಸುತ್ತಿಕೊಂಡ, ತೊಗರಿಯಂತೆಯೇ ಮೂರೆಲೆ ಜೊತೆಗೂಡಿದ ಹಳದಿ ಹೂವಿನ ಬಳ್ಳಿ ಕಂಡರೆ ಕಳೆನಾಶಕ ಹೊಡೆಯಬೇಡಿ, ಬೆಂಕಿ ಇಡಬೇಡಿ. ಅದರ ಕಾಯಿ ಬಲಿತು ಬೀಜ ಉದುರುವ ತನಕವಾದರೂ ಬಿಡಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ಒಂದು ಮಾತು ತಿಳಿಸಿ.